‘ಹೇಸ್ಟ್’ ಎಂಬ ಆಂಗ್ಲ ಶಬ್ದದ ಅರ್ಥವೂ ಪ್ರಯೋಗವೂ

ಶಾಲೆಯನ್ನು ಬಿಟ್ಟ ಒಬ್ಬ ವಿದ್ಯಾರ್ಥಿನಿಯು ಉದ್ಯೋಗಕ್ಕಾಗಿ ಆಂಗ್ಲ ಭಾಷೆಯಲ್ಲಿ ಅರ್ಜಿಯನ್ನು ಬರೆಯುತ್ತ, ತಾನು ಕೆಲಸವನ್ನು ಚುರುಕಾಗಿ ಮುಗಿಸುವವಳೆಂದು ತಿಳಿಸುವ ಉದ್ದೇಶದಿಂದ ತನ್ನನ್ನು ‘ಹೇಸ್ಟಿ’ ಎಂದು ವರ್ಣಿಸಿಕೊಂಡಳೆಂದು ಭಾವಿಸೋಣ. ಅದನ್ನೋದಿದ ಅಧಿಕಾರಿಗೆ ತೋರುವ ಅರ್ಥವೇ ಬೇರೆ: ಇವಳು ಹಿಂದುಮುಂದು ನೋಡದೆ ದುಡುಕುವವಳು! ಗುಣವೆಂದು ಹೇಳಹೊರಟದ್ದು ದೋಷವಾಗಿ ಪರಿಣಮಿಸಿತು. ನಿಘಂಟಿನಲ್ಲಿ ‘ಹೇಸ್ಟ್’ ಶಬ್ದಕ್ಕೆ ‘ತ್ವರೆ’ ಎಂಬ ಅರ್ಥವಿರುವುದು ನಿಜ. ಆದರೆ ಶಬ್ದದ ಅರ್ಥವನ್ನು ಅರಿತರೆ ಸಾಲದು. ಅದರ ಸ್ವಭಾವವನ್ನೂ ಅರಿಯಬೇಕು.

ಈ ನಾಮಪದವು ಹಳೆಯ ಫ್ರೆಂಚ್ ಭಾಷೆಯಿಂದ ಆಂಗ್ಲ ಭಾಷೆಗೆ ಬಂದುದು. ಇದರ ಕ್ರಿಯಾಪದವು ‘ಹೇಸನ್’. ಬರವಣಿಗೆಯಲ್ಲಿ ‘ಟಿ’ ಅಕ್ಷರವಿದ್ದರೂ ಉಚ್ಚಾರಣೆಯಲ್ಲಿ ಅದು ಕೇಳಿಸದು. ‘ತ್ವರೆಮಾಡು’ ಎಂಬುದಕ್ಕೆ ‘ಮೇಕ್ ಹೇಸ್ಟ್’ ಎನ್ನಬೇಕೇ ಹೊರತು ‘ಡು ಹೇಸ್ಟ್’ ಎನ್ನಲಾಗದು. ಪತ್ರದ ಕೊನೆಯಲ್ಲಿ ‘ಇನ್ ಹೇಸ್ಟ್’ ಎಂದು ಬರೆದರೆ, ‘ಅವಸರದಲ್ಲಿ ಬರೆದಿದ್ದೇನೆ, ಮನ್ನಿಸಿರಿ’ ಎಂಬ ವಿನಯವು ಅದರಲ್ಲಿ ಅಡಗಿರುವುದು. 16ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜರೂರು ಪತ್ರಗಳ ಮೇಲೆ ‘ಹೇಸ್ಟ್, ಪೋಸ್ಟ್, ಹೇಸ್ಟ್’ ಎಂದು ಅಂಚೆಯವನಿಗೆ ಆಜ್ಞೆ ಬರೆಯುವ ವಾಡಿಕೆಯಿತ್ತು. ‘ಪೋಸ್ಟ್‌ಹೇಸ್ಟ್’ ಎಂಬ ಮಾತು ಹುಟ್ಟಿದ್ದು ಅದರಿಂದಲೇ.

‘ಮೋರ್ ಹೇಸ್ಟ್, ಲೆಸ್ ಸ್ಪೀಡ್’ ಎಂಬ ಗಾದೆಯು ಅನೇಕ ಬಾಲಿಕೆಯರಿಗೆ ಒಗಟಾಗಿ ತೋರುವುದುಂಟು. ತ್ವರೆ ಹೆಚ್ಚಿದರೆ ವೇಗವು ಕಡಿಮೆಯಾಗುವುದು ಹೇಗೆ? ಪೂರ್ವಕಾಲದಲ್ಲಿ ‘ಸ್ಪೀಡ್’ ಎಂದರೆ ಕಾರ್ಯಸಿದ್ಧಿ, ಅಭ್ಯುದಯ ಎಂದರ್ಥ. ಪ್ರಯಾಣಿಕರನ್ನು ಹರಸುವ ‘ಗಾಡ್‌ಸ್ಪೀಡ್’ ಎಂಬ ಮಾತಿನಲ್ಲಿ ಆ ಅರ್ಥವು ಇಂದಿಗೂ ಉಳಿದಿದೆ. ಆದುದರಿಂದ ಆತುರವು ಹೆಚ್ಚಿದಷ್ಟೂ ಸಿದ್ಧಿಯು ಕಡಿಮೆಯೆಂಬುದೇ ಗಾದೆಯ ಮೂಲ ತಾತ್ಪರ್ಯ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂದು ನಮ್ಮ ಹಿರಿಯರೂ ಹೇಳಿದ್ದಾರಷ್ಟೆ.

ಶಬ್ದಗಳು ಹೀಗೆ ಅರ್ಥವನ್ನು ಬದಲಿಸುವುದು ನಮ್ಮ ನುಡಿಯಲ್ಲಿಯೂ ಉಂಟು. ಸಂಸ್ಕೃತದಲ್ಲಿ ‘ಆತುರ’ನೆಂದರೆ ರೋಗಪೀಡಿತನು, ‘ಅವಸರ’ವೆಂದರೆ ತಕ್ಕ ಸಮಯ. ಕನ್ನಡದಲ್ಲಿಯಾದರೋ ಎರಡೂ ತ್ವರೆಯನ್ನೇ ಸೂಚಿಸುತ್ತವೆ.

ಹಾಗಾದರೆ ‘ಹೇಸ್ಟ್’ ಯಾವಾಗಲೂ ನಿಂದೆಯ ಮಾತೇ? ಅಲ್ಲ. 1611ರ ಆಂಗ್ಲ ಬೈಬಲಿನಲ್ಲಿ, ಮರಿಯಳು ತನ್ನ ಬಂಧುವಾದ ಎಲಿಸಬೇತಳನ್ನು ಕಾಣಲು ಬೆಟ್ಟದ ಸೀಮೆಗೆ ಹೊರಟ ಸಂದರ್ಭದಲ್ಲಿ ಇದೇ ಶಬ್ದವಿದೆ. ಅಲ್ಲಿ ಅದು ಪ್ರೀತಿಯ ತ್ವರೆ. ‘ಹೇಸನ್’ ಎಂಬ ಕ್ರಿಯಾಪದದಲ್ಲಿಯೂ ದೋಷವಿಲ್ಲ. ‘ತಮಗೆ ಕೂಡಲೇ ತಿಳಿಸಬಯಸುತ್ತೇನೆ’ ಎಂಬ ಮರ್ಯಾದೆಯ ಮಾತಿಗೆ ಅದು ಯೋಗ್ಯವಾದುದು. ಆದರೆ ‘ಹೇಸ್ಟಿ’ ಎಂಬ ವಿಶೇಷಣವನ್ನು ವ್ಯಕ್ತಿಗೆ ಹಚ್ಚಿದರೆ ದುಡುಕುತನದ ಅಥವಾ ಮುಂಗೋಪದ ಅರ್ಥವೇ ಬರುವುದು. ಚುರುಕಿನವಳನ್ನು ‘ಕ್ವಿಕ್’ ಎಂದೂ, ತಡಮಾಡದೆ ಕರ್ತವ್ಯವನ್ನು ನೆರವೇರಿಸುವವಳನ್ನು ‘ಪ್ರಾಂಪ್ಟ್’ ಎಂದೂ ಕರೆಯತಕ್ಕದ್ದು.

ಮಕ್ಕಳ ಆಂಗ್ಲ ಬರವಣಿಗೆಯನ್ನು ತಿದ್ದುವ ತಾಯಂದಿರು ಈ ಭೇದವನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು. ಅರ್ಜಿಯನ್ನು ಕಳುಹಿಸುವ ಮುನ್ನ ಒಂದು ಸಲ ನಿಧಾನವಾಗಿ ಓದಿನೋಡಿದರೆ, ಆ ಒಂದು ಶಬ್ದದಿಂದ ಹುಡುಗಿಯ ಯೋಗ್ಯತೆಗೆ ಬರಬಹುದಾದ ಕುಂದು ತಪ್ಪುವುದು.