ದ್ವೀಪದ ಬೆನ್ನು ನೋಡಿದ್ದೀರಾ?
ಮಲ್ಪೆಯ ಕಡಲಿನಲ್ಲಿ ಕಲ್ಲುಕಂಬಗಳು ಹೇಳುವ ಕಥೆ

ಮಂಗಳೂರಿನ ಹಂಪನಕಟ್ಟೆಯಲ್ಲಿ ನಿಂತವರಿಗೆ ಸಮುದ್ರ ಕಾಣುವುದಿಲ್ಲ. ಬಸ್ಸುಗಳ ಗದ್ದಲ, ಅಂಗಡಿಗಳ ಸಾಲು, ಹಳೆಯ ಕಾಲೇಜಿನ ಕಟ್ಟಡ ಇಷ್ಟೇ ಕಣ್ಣಿಗೆ ಬೀಳುತ್ತವೆ. ಆದರೆ ಇಲ್ಲಿಂದ ಉಡುಪಿಯ ಬಸ್ಸು ಹತ್ತಿ, ಅಲ್ಲಿಂದ ಮಲ್ಪೆಗೆ ಹೋಗಿ ದೋಣಿ ಏರಿದರೆ, ಅರ್ಧ ದಿನದೊಳಗೆ ಕೋಟ್ಯಂತರ ವರ್ಷ ಹಿಂದಕ್ಕೆ ಹೋಗಿ ಬರಬಹುದು. ಆ ಜಾಗವೇ ಸೈಂಟ್ ಮೇರೀಸ್ ದ್ವೀಪ.

ಶಾಲೆಯ ಪ್ರವಾಸ ಎಂದರೆ ಈ ದ್ವೀಪದ ಹೆಸರು ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಮಕ್ಕಳು ಇಳಿಯುತ್ತಾರೆ, ಚಿಪ್ಪು ಹೆಕ್ಕುತ್ತಾರೆ, ನೀರಾಟವಾಡುತ್ತಾರೆ, ಬುತ್ತಿ ಬಿಚ್ಚಿ ಉಂಡು ಮರಳುತ್ತಾರೆ. ದ್ವೀಪದ ನಿಜವಾದ ಸಂಪತ್ತು ಮಾತ್ರ ಹೆಚ್ಚಿನವರ ಕಣ್ಣು ತಪ್ಪಿಸಿಕೊಂಡು ಪಡುವಣಕ್ಕೆ ಮುಖ ಮಾಡಿ ನಿಂತಿರುತ್ತದೆ.

ನಾಲ್ಕು ದ್ವೀಪಗಳ ಸಾಲು

ಮಲ್ಪೆ ಬಂದರಿನಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿ, ಕರಾವಳಿಗೆ ಸಮಾನಾಂತರವಾಗಿ ಉತ್ತರ ದಕ್ಷಿಣವಾಗಿ ಹಬ್ಬಿದ ದ್ವೀಪಗಳ ಸಾಲು ಇದು. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಡ ಮತ್ತು ದಕ್ಷಿಣ ದ್ವೀಪ ಇವುಗಳಲ್ಲಿ ಮುಖ್ಯವಾದವು. ಪ್ರವಾಸಿಗರು ಇಳಿಯುವುದು ತೆಂಗಿನ ದ್ವೀಪದಲ್ಲಿ. ಅದರ ಅತಿ ಎತ್ತರದ ಜಾಗವೂ ಸಮುದ್ರಮಟ್ಟಕ್ಕಿಂತ ಸುಮಾರು ಹತ್ತು ಮೀಟರ್ ಮಾತ್ರ ಮೇಲಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮಾತೆ ಮೇರಿಯ ಹೆಸರಿಟ್ಟನೆಂಬುದು ಪ್ರತೀತಿ.

ಮಲ್ಪೆಯ ಕಡೆಯಿಂದ ನೋಡಿದರೆ ಕಾಣುವುದು ತೆಂಗಿನ ಮರಗಳ ಹಸಿರು ಗೆರೆ. ದೋಣಿ ದ್ವೀಪವನ್ನು ಬಳಸಿ ತೆರೆದ ಕಡಲಿನ ಕಡೆಗೆ ತಿರುಗಿದಾಗ ನೋಟವೇ ಬದಲಾಗುತ್ತದೆ. ಯಾರೋ ಶಿಲ್ಪಿಗಳು ಕಡಿದು ಜೋಡಿಸಿಟ್ಟ ಹಾಗೆ ಕಪ್ಪು ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿವೆ. ಕೆಲವಕ್ಕೆ ಐದು ಮುಖ, ಕೆಲವಕ್ಕೆ ಏಳು, ಬಹಳಷ್ಟಕ್ಕೆ ಆರು. ಮಳೆಗಾಲದ ಅಬ್ಬರದ ಅಲೆಗಳನ್ನು ಎದೆಯೊಡ್ಡಿ ತಡೆಯುವ ಮಗ್ಗುಲು ಇದು. ಅಲೆಗಳು ಕಂಬಗಳ ನಡುವಿನ ಬಿರುಕಿಗೆ ನುಗ್ಗಿ, ಒಂದೊಂದೇ ತುಂಡನ್ನು ಕಳಚಿ ಬೀಳಿಸುತ್ತವೆ. ಉಳಿದವು ಮೆಟ್ಟಿಲುಗಳಂತೆ ಕಾಣುತ್ತವೆ. ಈ ಮಗ್ಗುಲನ್ನು ದಿನವೂ ನೋಡುವವರು ಮೀನುಗಾರರು ಮಾತ್ರ.

ಆರು ಮೂಲೆಯ ಗುಟ್ಟು

ಉಳಿಯಿಲ್ಲದೆ, ಅಳತೆಕೋಲಿಲ್ಲದೆ ಈ ಕಂಬಗಳು ಮೂಡಿದ್ದು ಹೇಗೆ? ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳವನ್ನು ನೆನಪಿಸಿಕೊಳ್ಳಿ. ಕೆಸರು ಒಣಗುತ್ತ ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಲಾವಾರಸವೂ ಹಾಗೆಯೇ. ಭೂಗರ್ಭದಿಂದ ಉಕ್ಕಿ ಬಂದ ರಸ ತಣಿದು ಗಟ್ಟಿಯಾದ ಮೇಲೂ ಕುಗ್ಗುತ್ತಲೇ ಇರುತ್ತದೆ. ಎಲ್ಲ ದಿಕ್ಕಿನಿಂದಲೂ ಸಮಾನವಾದ ಎಳೆತ ಇದ್ದಾಗ, ಒಂದು ಬಿಂದುವಿನಿಂದ ಮೂರು ಬಿರುಕುಗಳು ಪರಸ್ಪರ 120 ಡಿಗ್ರಿ ಕೋನದಲ್ಲಿ ಹೊರಡುವುದು ಮಿತವ್ಯಯದ ದಾರಿ. ಅಂತಹ ಬಿರುಕುಗಳು ಕೂಡಿದಾಗ ಷಟ್ಕೋನ ಹುಟ್ಟುತ್ತದೆ. ಮೇಲಿನಿಂದಲೂ ತಳದಿಂದಲೂ ತಂಪು ಒಳಕ್ಕೆ ಇಳಿದಂತೆಲ್ಲ ಬಿರುಕೂ ಇಳಿಯುತ್ತದೆ. ಷಟ್ಕೋನ ಉದ್ದವಾಗಿ ಬೆಳೆದು ಕಂಬವಾಗುತ್ತದೆ. ಜೇನುನೊಣ ಮೇಣ ಉಳಿಸಲು ಆರು ಮೂಲೆಯ ಕೋಣೆ ಕಟ್ಟಿದರೆ, ಬಂಡೆ ಬಿರುಕಿನ ಉದ್ದ ಉಳಿಸಲು ಅದೇ ಲೆಕ್ಕಕ್ಕೆ ಬರುತ್ತದೆ.

ಇವು ಬಸಾಲ್ಟ್ ಕಂಬಗಳೆಂದು ಅನೇಕ ಕಡೆ ಬರೆದಿರುವುದುಂಟು. ನಿಜವಾಗಿ ಇದು ಸಿಲಿಕಾ ಅಂಶ ಹೆಚ್ಚಿರುವ ರಯೋಲೈಟ್ ಜಾತಿಯ ಶಿಲೆ.

ಮಡಗಾಸ್ಕರ್ ದೂರವಾದ ಕಾಲ

ಈ ಶಿಲೆಯ ವಯಸ್ಸೇ ನಿಜವಾದ ಅಚ್ಚರಿ. ಬೆಳಗಾವಿ, ವಿಜಯಪುರದ ಕಡೆ ಹಬ್ಬಿರುವ ದಖನ್ ಲಾವಾದ ತುಣುಕೇ ಇದೂ ಎಂದು ಮೊದಲು ಭಾವಿಸಲಾಗಿತ್ತು. ದಖನ್ ಲಾವಾ ಸುಮಾರು 6.6 ಕೋಟಿ ವರ್ಷಗಳಷ್ಟು ಹಳೆಯದು. ದ್ವೀಪದ ಕಲ್ಲನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಬೇರೆಯೇ ಉತ್ತರ ಸಿಕ್ಕಿತು. ಪೊಟ್ಯಾಸಿಯಂನ ಒಂದು ವಿಕಿರಣಶೀಲ ರೂಪ ಅತಿ ನಿಧಾನವಾಗಿ ಆರ್ಗಾನ್ ಅನಿಲವಾಗಿ ಮಾರ್ಪಡುತ್ತದೆ. ಅದರ ಅರ್ಧಾಯು ಸುಮಾರು 125 ಕೋಟಿ ವರ್ಷ. ಕುದಿಯುವ ಲಾವಾದಿಂದ ಆರ್ಗಾನ್ ಹಾರಿಹೋಗುತ್ತದೆ. ಕಲ್ಲು ಗಟ್ಟಿಯಾದ ಮೇಲೆ ಒಳಗೇ ಸಿಕ್ಕಿಬೀಳುತ್ತದೆ. ಹಾಗಾಗಿ ಕೂಡಿಟ್ಟ ಆರ್ಗಾನ್ ಅಳೆದರೆ ಕಲ್ಲಿನ ಜಾತಕ ಬರೆಯಬಹುದು. ಇಂತಹ ಹಲವು ಅಳತೆಗಳ ಪ್ರಕಾರ ದ್ವೀಪದ ವಯಸ್ಸು 8.5ರಿಂದ 9.3 ಕೋಟಿ ವರ್ಷಗಳ ನಡುವೆ ಇದೆ. ಅಂದರೆ ದಖನ್ ಲಾವಾಕ್ಕಿಂತ ಸುಮಾರು ಎರಡು ಕೋಟಿ ವರ್ಷ ಹಿರಿಯದು.

ಅದೇ ವಯಸ್ಸಿನ ಲಾವಾ ಶಿಲೆಗಳು ಇನ್ನೆಲ್ಲಿವೆ? ಸಮುದ್ರದಾಚೆ, ಆಫ್ರಿಕದ ಮಗ್ಗುಲಿನ ಮಡಗಾಸ್ಕರ್‌ನಲ್ಲಿ. ಆ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಮಡಗಾಸ್ಕರ್ ಅಂಟಿಕೊಂಡಿತ್ತು. ಭೂಮಿ ಸೀಳಿ ಎರಡೂ ಬೇರೆಯಾದಾಗ ಉಕ್ಕಿದ ಲಾವಾದ ಗುರುತು ಈ ಕಂಬಗಳು ಎಂಬುದು ಭೂವಿಜ್ಞಾನಿಗಳ ನಿರ್ಣಯ. ಇಂದು ಎರಡರ ನಡುವೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ಕಡಲಿದೆ. ಕರಾವಳಿಯವರು ಬದುಕುತ್ತಿರುವುದು ಒಂದು ಖಂಡ ಮುರಿದ ಅಂಚಿನಲ್ಲಿ. ಅದಕ್ಕೆ ಸಾಕ್ಷಿ ನುಡಿಯುವ ಕಲ್ಲು ನಮ್ಮ ಮನೆಬಾಗಿಲಲ್ಲೇ ಇದೆ.

ಊರ ಹಿತ್ತಲ ಗಿಡ

ಗ್ರೀಸ್ ದೇಶದ ಮಿಲೋಸ್ ಎಂಬ ಜ್ವಾಲಾಮುಖಿ ದ್ವೀಪದಲ್ಲಿ ಕ್ಲೆಫ್ಟಿಕೊ ಎಂಬ ತೀರವಿದೆ. ಅಲ್ಲಿಗೆ ವಾಹನದ ದಾರಿಯಿಲ್ಲ. ಅದನ್ನು ನೋಡಲೆಂದೇ ಜನ ದೋಣಿಯಲ್ಲಿ ದ್ವೀಪವನ್ನು ಸುತ್ತುತ್ತಾರೆ. ಉತ್ತರ ಐರ್ಲೆಂಡಿನ ಜಯಂಟ್ಸ್ ಕಾಸ್‌ವೇ ಎಂಬಲ್ಲಿ ಸುಮಾರು ನಲ್ವತ್ತು ಸಾವಿರ ಬಸಾಲ್ಟ್ ಕಂಬಗಳಿವೆ. 1986ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಮಲ್ಪೆಯ ಕಂಬಗಳು ಅವಕ್ಕಿಂತಲೂ ಹಳೆಯವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೂ ಇದೇ ಗೌರವವಿದೆ. ಹೀಗಿದ್ದೂ ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ಕಂಬಗಳ ಮೇಲೆ ಹೆಸರು ಕೆತ್ತುವವರು, ಬಾಟಲಿ ಎಸೆಯುವವರು, ಚೀಲ ತುಂಬ ಚಿಪ್ಪು ಒಯ್ಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಒಂಬತ್ತು ಕೋಟಿ ವರ್ಷದ ಕಲ್ಲಿನ ಮೇಲೆ ಒಂಬತ್ತು ನಿಮಿಷದಲ್ಲಿ ಗೀಚಿದ ಹೆಸರನ್ನು ಅಳಿಸುವುದು ಸುಲಭವಲ್ಲ.

ಪಾಲಕರು ಮರೆಯಬಾರದ ಇನ್ನೊಂದು ಮಾತಿದೆ. ಬಂಡೆಯ ಮಗ್ಗುಲು ಚೆಂದ ಹೇಗೋ ಅಪಾಯಕಾರಿಯೂ ಹಾಗೆಯೇ. ಪಾಚಿಗಟ್ಟಿದ ಕಲ್ಲು ಜಾರುತ್ತದೆ, ಅಲೆ ಹೇಳಿ ಕೇಳಿ ಬರುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸಕ್ಕೆ ಬಂದಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇಲ್ಲಿಯೇ ನೀರುಪಾಲಾದರು. ಮಳೆಗಾಲದಲ್ಲಿ ದೋಣಿಸಂಚಾರ ನಿಲ್ಲುವುದು ಇಂತಹ ಕಾರಣಕ್ಕೇ. ಉಳಿದ ದಿನಗಳಲ್ಲಿಯೂ ಜೀವರಕ್ಷಕ ಅಂಗಿ ತೊಟ್ಟೇ ದೋಣಿ ಹತ್ತಬೇಕು, ಕಾವಲುಗಾರರು ತಡೆದ ಕಡೆ ಇಳಿಯಬಾರದು.

ಮುಂದಿನ ಪ್ರವಾಸಕ್ಕೆ ಮಕ್ಕಳು ಹೊರಟಾಗ ಬುತ್ತಿಯ ಜೊತೆ ಒಂದು ಟಿಪ್ಪಣಿ ಪುಸ್ತಕ, ಒಂದು ಕೋನಮಾಪಕ ಕೊಟ್ಟು ಕಳುಹಿಸಿ. ಸುರಕ್ಷಿತ ಜಾಗದಲ್ಲಿ ನಿಂತು ಹತ್ತು ಕಂಬಗಳ ಮುಖಗಳನ್ನು ಎಣಿಸಲಿ, ಮೂಲೆಗಳನ್ನು ಅಳೆಯಲಿ. ಆರು ಮುಖದವು ಎಷ್ಟು, ಐದರವು ಎಷ್ಟು ಎಂದು ಬರೆದುಕೊಂಡು ಬರಲಿ. ಚೀಲದಲ್ಲಿ ಚಿಪ್ಪಿಲ್ಲದೆ, ಪುಸ್ತಕದಲ್ಲಿ ಲೆಕ್ಕವಿಟ್ಟು ಮರಳಿದ ಮಗು ದ್ವೀಪವನ್ನು ನಿಜವಾಗಿ ನೋಡಿದೆ ಎನ್ನಬಹುದು.