ದುಡಿಯುವ ವಿಮಾನದ ಬಿಸಿಯೆಣ್ಣೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯ ಕೇಳುಗರಿಗೆ ಮದ್ದು ಬಿಡುವುದೆಂದರೇನೆಂದು ನಾನು ವಿವರಿಸಬೇಕಾದುದಿಲ್ಲ. ಮಳೆಗಾಲ ಹಿಡಿಯುವ ಮುನ್ನ ಒಮ್ಮೆ, ಆಟಿ ತಿಂಗಳ ಸುಮಾರಿಗೆ ಮತ್ತೊಮ್ಮೆ, ಐವತ್ತು ಅರವತ್ತು ಅಡಿ ಎತ್ತರದ ಅಡಕೆ ಮರದ ಗೊನೆಗೆ ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣ ತಲುಪಬೇಕು. ಮೈಸೂರು ಸಂಸ್ಥಾನದಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ಬರೆದು, ಈ ದ್ರಾವಣವನ್ನು ಬಳಕೆಗೆ ತಂದದ್ದು 1910ರ ಸುಮಾರಿನಲ್ಲಿ. ಅಂದಿನಿಂದ ಮದ್ದು ಬಹುಮಟ್ಟಿಗೆ ಅದೇ; ಮರ ಏರುವ ಮನುಷ್ಯನ ಅಪಾಯವೂ ಅದೇ. ಹೀಗಿರುವಾಗ, ಈ ಕೆಲಸವನ್ನು ಮೇಲಿನಿಂದಲೇ ಮಾಡಿ ಮುಗಿಸಬಾರದೇಕೆ ಎಂಬ ಆಸೆ ಹುಟ್ಟಿದ್ದು ಸಹಜವೇ ಆಗಿದೆ.

ಅಂಥ ಕೆಲಸಕ್ಕೆಂದೇ ನಮ್ಮ ನಾಡಿನಲ್ಲಿ ಒಂದು ವಿಮಾನ ರೂಪುಗೊಂಡಿತ್ತು. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ ವಿನ್ಯಾಸಗೊಳಿಸಿದ ‘ಬಸಂತ್’ 1972ರ ಮಾರ್ಚ್ 30ರಂದು ಮೊದಲು ಹಾರಿತು. ಒಬ್ಬನೇ ಚಾಲಕ, ಕೆಳಗಡೆ ಜೋಡಿಸಿದ ರೆಕ್ಕೆ, ಚಾಲಕನ ಮುಂದೆ ಮದ್ದಿನ ತೊಟ್ಟಿ, ಮೂತಿಯಲ್ಲಿ ಅಮೆರಿಕದ ಲೈಕಾಮಿಂಗ್ ಕಂಪನಿಯ 400 ಅಶ್ವಶಕ್ತಿಯ ಎಂಜಿನ್. ನಾಲ್ವತ್ತಕ್ಕೆ ಒಂದು ಕಡಿಮೆ, ಅಂದರೆ 39 ವಿಮಾನಗಳನ್ನು ಕಟ್ಟಿ, 1980ರಲ್ಲಿ ತಯಾರಿಕೆಯನ್ನು ನಿಲ್ಲಿಸಲಾಯಿತು. ವಿಶಾಲವಾದ ಬಯಲುಸೀಮೆಯ ಹೊಲಗಳಿಗೆ ಒಗ್ಗುವ ಯಂತ್ರವದು. ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯ ತೋಟಗಳಿಗೆ ಅದು ತಕ್ಕುದಲ್ಲ. ಮೇಲಾಗಿ ಮೇಲಿನಿಂದ ಬಿದ್ದ ಮದ್ದು ಸೋಗೆಯ ಮೇಲೆ ನಿಲ್ಲುವುದೇ ಹೆಚ್ಚು, ಅದರಡಿಯ ಗೊನೆಗೆ ಇಳಿಯುವುದು ಕಡಿಮೆ.

ಕನ್ನಡದ ಮೇಷ್ಟರಿಗೆ ಎಂಜಿನ್ನಿನ ಗೊಡವೆ ಏಕೆ ಎಂದು ಕೇಳುವವರಿಗೆ ಒಂದು ಮಾತು. ಎಳ್ಳಿನ ನೆಯ್, ಅಂದರೆ ಎಳ್ಳಿನ ತುಪ್ಪ, ‘ಎಣ್ಣೆ’ಯಾಯಿತು ಎನ್ನುತ್ತಾರೆ ಭಾಷಾವಿದರು. ಎಳ್ಳಿಗೆ ಸಂಬಂಧವೇ ಇಲ್ಲದ ಭೂಗರ್ಭದ ದ್ರವಕ್ಕೂ ಆ ಹೆಸರು ಹತ್ತಿಕೊಂಡ ಬಳಿಕ, ಅದರ ಯೋಗಕ್ಷೇಮವನ್ನು ವಿಚಾರಿಸುವುದು ನನ್ನ ಅಧಿಕಾರದ ಹೊರಗಿನ ವಿಷಯವೆಂದು ನಾನು ತಿಳಿಯುವುದಿಲ್ಲ.

ಚಾರ್ಮಾಡಿ ಘಾಟಿ ಏರುವ ಬಸ್ಸಿನ ಎಂಜಿನ್ನಿನ ಸುತ್ತ ನೀರು ಹರಿದಾಡುತ್ತದೆ. ಬಿಸಿ ಹೆಚ್ಚಿದರೆ ಚಾಲಕ ಬಸ್ಸನ್ನು ಬದಿಗೆ ನಿಲ್ಲಿಸಬಹುದು. ಸಣ್ಣ ವಿಮಾನದ ಎಂಜಿನ್ನಿಗೆ ಸಾಮಾನ್ಯವಾಗಿ ಈ ನೀರಿಲ್ಲ. ಅದರ ಸಿಲಿಂಡರುಗಳನ್ನು ತಣಿಸುವುದು ಗಾಳಿ; ಗಾಳಿ ಮುಟ್ಟದ ಒಳಭಾಗಗಳನ್ನು ತಣಿಸುವುದು ಎಣ್ಣೆ. ಪಿಸ್ಟನ್ನಿನ ಒಳಮೈ, ಬೇರಿಂಗು, ಕವಾಟಗಳ ಸಂದುಗೊಂದುಗಳಿಂದ ಬಿಸಿಯನ್ನು ಹೊತ್ತು ತಂದ ಎಣ್ಣೆ, ಸಣ್ಣದೊಂದು ಜಾಲರಿಯ ಪೆಟ್ಟಿಗೆಯ ಮೂಲಕ ಹಾದು, ಆ ಬಿಸಿಯನ್ನು ಗಾಳಿಗೆ ಒಪ್ಪಿಸಿ ಹಿಂದಿರುಗುತ್ತದೆ. ಈ ಪೆಟ್ಟಿಗೆಯೇ ಆಯಿಲ್ ಕೂಲರ್. ಬಿಸಿ ಮಿತಿಮೀರಿದರೆ ಎಣ್ಣೆ ನೀರಿನಂತೆ ತೆಳುವಾಗುತ್ತದೆ, ಒತ್ತಡ ಇಳಿಯುತ್ತದೆ, ಲೋಹ ಲೋಹವನ್ನು ಮುಟ್ಟದಂತೆ ತಡೆಯುವ ತೆಳುಪೊರೆ ಹರಿಯುತ್ತದೆ. ಲೈಕಾಮಿಂಗ್ ಕಂಪನಿ ಇಂಥ ಎಂಜಿನ್ನುಗಳಿಗೆ ಸಾಮಾನ್ಯವಾಗಿ ಹಾಕಿರುವ ಮೇರೆ 118 ಡಿಗ್ರಿ ಸೆಲ್ಸಿಯಸ್. ಅಪೇಕ್ಷಣೀಯವೆಂದು ಹೇಳುವುದು ಸುಮಾರು 82 ಡಿಗ್ರಿ. ಅದಕ್ಕಿಂತ ಬಹಳ ತಣ್ಣಗಿರುವುದೂ ಒಳ್ಳೆಯದಲ್ಲ. ಇಂಧನ ಉರಿದಾಗ ಹುಟ್ಟುವ ನೀರಿನ ಆವಿ ಎಣ್ಣೆಯಲ್ಲಿ ಸೇರಿಕೊಂಡು ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಅದನ್ನು ಹೊರಗಟ್ಟಲು ಒಂದಿಷ್ಟು ಬಿಸಿ ಬೇಕೇ ಬೇಕು.

ದುಡಿಯುವ ವಿಮಾನಕ್ಕೆ ಈ ಸಮಸ್ಯೆ ಪ್ರಯಾಣದ ವಿಮಾನಕ್ಕಿಂತ ಹೆಚ್ಚು ಕಾಡುವುದಕ್ಕೆ ಕಾರಣ ಅದರ ದಿನಚರಿ. ಪ್ರಯಾಣದ ವಿಮಾನ ಒಮ್ಮೆ ಏರಿ ತಂಪಾದ ಎತ್ತರದಲ್ಲಿ ನೆಮ್ಮದಿಯಾಗಿ ಸಾಗುತ್ತದೆ. ಇದಾದರೋ ತುಂಬಿದ ತೊಟ್ಟಿಯನ್ನು ಹೊತ್ತು ಪೂರ್ಣ ಶಕ್ತಿಯಲ್ಲಿ ನೆಲ ಬಿಡಬೇಕು, ಬೆಳೆಯ ತಲೆಗೆ ತಾಗುವಷ್ಟು ಕೆಳಗೆ ಬಿಸಿಗಾಳಿಯಲ್ಲೇ ಹಾರಬೇಕು, ಹೊಲದ ಅಂಚಿಗೆ ಬಂದೊಡನೆ ಮೂತಿ ಎತ್ತಿ ತಿರುಗಬೇಕು, ಕೆಲವೇ ನಿಮಿಷಗಳಲ್ಲಿ ಇಳಿದು ಮತ್ತೆ ತುಂಬಿಸಿಕೊಳ್ಳಬೇಕು. ಮೂತಿ ಎತ್ತಿ ಏರುವಾಗ ಶಕ್ತಿ ಹೆಚ್ಚು, ವೇಗ ಕಡಿಮೆ. ಅಂದರೆ ಹುಟ್ಟುವ ಬಿಸಿ ಹೆಚ್ಚು, ನುಗ್ಗುವ ಗಾಳಿ ಕಡಿಮೆ. ಎಂಜಿನ್ ಕೈಕೊಟ್ಟರೆ ಅಷ್ಟು ಕೆಳಗೆ ಹಾರುವವನಿಗೆ ಜಾಗ ಹುಡುಕುವ ಸಮಯವೂ ದೊರೆಯುವುದಿಲ್ಲ.

ಗಾಳಿಯ ವಿಷಯವನ್ನು ನಮ್ಮ ಕಡೆಯ ಕೃಷಿಕರು ಬೇಗ ಗ್ರಹಿಸಬಲ್ಲರು, ಏಕೆಂದರೆ ಅವರಿಗೆ ಕಟ್ಟ ಗೊತ್ತು. ಮಳೆ ನಿಂತ ಮೇಲೆ ಹೊಳೆಗೆ ಅಡ್ಡಲಾಗಿ ಕಲ್ಲು ಮಣ್ಣುಗಳ ಕಟ್ಟ ಹಾಕಿ, ನೀರಿನ ಮಟ್ಟವನ್ನು ಎತ್ತರಿಸಿ, ತೋಡಿನ ಮೂಲಕ ತೋಟಕ್ಕೆ ಹರಿಸುತ್ತೇವೆ. ಕಟ್ಟದ ಬುಡದಲ್ಲಿ ಏಡಿ ಒಂದು ಬಿಲ ತೋಡಿತೋ, ನೀರು ಸುಲಭದ ದಾರಿ ಹಿಡಿಯಿತು, ತೋಟ ಒಣಗಿತು. ವಿಮಾನದ ಎಂಜಿನ್ನಿನ ಮುಸುಕಿನೊಳಗೂ ಇದೇ ವ್ಯವಸ್ಥೆ. ಮುಂದಿನಿಂದ ನುಗ್ಗಿದ ಗಾಳಿ ಸಿಲಿಂಡರುಗಳ ಮೇಲ್ಭಾಗದಲ್ಲಿ ಒತ್ತಡದಿಂದ ನಿಲ್ಲುತ್ತದೆ. ಅಡಿಯಲ್ಲಿ ಒತ್ತಡ ಕಡಿಮೆ. ಈ ಮಟ್ಟದ ಅಂತರವೇ ಗಾಳಿಯನ್ನು ಸಿಲಿಂಡರುಗಳ ರೆಕ್ಕೆಗಳ ನಡುವೆಯೂ ಕೂಲರಿನ ಜಾಲರಿಯ ಮೂಲಕವೂ ಹಾಯಿಸುತ್ತದೆ. ಮೇಲು ಕೆಳಗುಗಳನ್ನು ಬೇರ್ಪಡಿಸುವ ತಗಡಿನ ತಡಿಕೆಗೆ ಬ್ಯಾಫಲ್ ಎಂದು ಹೆಸರು. ಅದರ ಅಂಚಿಗೆ ರಬ್ಬರಿನ ಪಟ್ಟಿ ಇರುತ್ತದೆ. ಆ ಪಟ್ಟಿ ಗಟ್ಟಿಯಾಗಿ ಮಡಚಿಕೊಂಡರೆ, ತಗಡು ಬಿರಿದರೆ, ಅದೇ ಏಡಿಯ ಬಿಲ. ಗಾಳಿ ಅಲ್ಲಿಂದ ಸೋರಿಹೋಗುತ್ತದೆ, ಕೂಲರ್ ಬರಿದೆ ಕುಳಿತಿರುತ್ತದೆ. ಕೆಲವು ಅಣೆಯ ಪಟ್ಟಿಯನ್ನು ಬದಲಿಸುವುದನ್ನು ಬಿಟ್ಟು ದೊಡ್ಡ ಕೂಲರನ್ನು ಕೊಳ್ಳುವ ಚಪಲ ಎಲ್ಲ ದೇಶಗಳಲ್ಲೂ ಇದ್ದಂತೆ ಕಾಣುತ್ತದೆ. ಮುಂದಿನ ಬಾಯನ್ನು ಅಗಲಿಸುವುದರಿಂದಲೂ ಹೆಚ್ಚು ಪ್ರಯೋಜನವಿಲ್ಲ. ಗಾಳಿ ಹೊರಬೀಳುವ ದಾರಿ ಸಲೀಸಾಗಿದೆಯೇ ಎಂಬುದನ್ನು ಮೊದಲು ನೋಡಬೇಕು. ಹೊಗೆಗಂಡಿ ಇಲ್ಲದ ಅಡುಗೆಮನೆಗೆ ಎಷ್ಟು ದೊಡ್ಡ ಬಾಗಿಲಿಟ್ಟರೇನು?

ಮದ್ದು ಹೊಡೆಯುವ ವಿಮಾನದಲ್ಲಿ ಕೂಲರಿನ ಜಾಲರಿಗೆ ಇನ್ನೊಂದು ಶತ್ರು ಉಂಟು: ಧೂಳು, ಕೀಟಗಳು, ಒಣಗಿದ ಮದ್ದಿನ ಹುಡಿ. ಇವನ್ನು ಆಗಾಗ ತೊಳೆಯುತ್ತಲೇ ಇರಬೇಕು. ಇನ್ನು ಕೂಲರಿಗೆ ಎಣ್ಣೆ ಹೋಗಬೇಕೆ ಬೇಡವೆ ಎಂದು ತೀರ್ಮಾನಿಸುವ ಬೆರಳುದ್ದದ ಕವಾಟವೊಂದಿದೆ. ಎಣ್ಣೆ ತಣ್ಣಗಿರುವಾಗ ಅದು ಕೂಲರನ್ನು ಬಳಸಿ ಹೋಗುವ ದಾರಿಯನ್ನು ತೆರೆದಿಡುತ್ತದೆ. ಸುಮಾರು 85 ಡಿಗ್ರಿಯ ಹೊತ್ತಿಗೆ ಉದ್ದವಾಗಿ ಹಿಗ್ಗಿ ಆ ದಾರಿಯನ್ನು ಮುಚ್ಚುತ್ತದೆ. ಅದರ ಪೀಠ ಸವೆದಿದ್ದರೆ ದಾರಿ ಪೂರ್ತಿ ಮುಚ್ಚದು; ಬಿಸಿಯೆಣ್ಣೆ ಕೂಲರನ್ನು ತಪ್ಪಿಸಿಕೊಂಡು ಹಾಗೆಯೇ ಎಂಜಿನ್ನಿಗೆ ಮರಳುತ್ತದೆ. ಇದನ್ನು ಬಿಚ್ಚಿ ಬಿಸಿನೀರಿನಲ್ಲಿಟ್ಟು, ಹಿಗ್ಗುತ್ತದೆಯೇ ಎಂದು ಅಳೆದು ನೋಡಬಹುದು. ಎಲ್ಲಕ್ಕೂ ಮೊದಲು ಪರೀಕ್ಷಿಸಬೇಕಾದದ್ದು ಮಾತ್ರ ಉಷ್ಣಮಾಪಕವನ್ನೇ. ಅದರ ಮೊನೆಯನ್ನು ಕುದಿಯುವ ನೀರಿನಲ್ಲಿ ಅದ್ದಿದರೆ ನಮ್ಮ ಕರಾವಳಿಯಲ್ಲಿ ಅದು ನೂರರ ಆಸುಪಾಸನ್ನು ತೋರಿಸಬೇಕು. ನೂರಹದಿನೈದು ತೋರಿಸಿತೆಂದರೆ ರೋಗ ಎಂಜಿನ್ನಿನದಲ್ಲ, ವೈದ್ಯನದು.

ಚಾಲಕ ಮಾಡಬಹುದಾದದ್ದೂ ಇದೆ. ಎಣ್ಣೆಯ ಮಟ್ಟ ಸರಿಯಾಗಿರಬೇಕು, ಬೇಸಗೆಗೆ ದಪ್ಪ ಎಣ್ಣೆಯನ್ನೇ ಹಾಕಿರಬೇಕು. ಏರುವಾಗ ಇಂಧನವನ್ನು ಜಿಪುಣತನದಿಂದ ಕೊಡಬಾರದು. ಪೂರ್ಣ ಶಕ್ತಿಯಲ್ಲಿ ಹೆಚ್ಚುವರಿ ಇಂಧನವೇ ಒಂದು ತಂಪು. ಮುಳ್ಳು ಮೇಲೇರಿದರೆ ಮೂತಿಯನ್ನು ತುಸು ತಗ್ಗಿಸಿ ವೇಗ ಹೆಚ್ಚಿಸಿಕೊಳ್ಳಬೇಕು. ನೆಲದಲ್ಲಿ ತುಂಬಿಸಿಕೊಳ್ಳುವಾಗ ಎಂಜಿನ್ ನಡೆಯುತ್ತಿದ್ದರೆ ಗಾಳಿಗೆ ಮುಖಮಾಡಿ ನಿಲ್ಲಬೇಕು. ಬಿಸಿ ವಾರಗಟ್ಟಲೆಯಲ್ಲಿ ಮೆಲ್ಲಗೆ ಹೆಚ್ಚುತ್ತ ಬಂದರೆ ಕೊಳಕು ಜಾಲರಿಯನ್ನೋ, ಸವೆದ ಪಿಸ್ಟನ್ ಬಳೆಗಳನ್ನೋ ಶಂಕಿಸಬಹುದು. ಆದರೆ ಬಿಸಿ ಥಟ್ಟನೆ ಏರಿ ಒತ್ತಡ ಅದರೊಡನೆಯೇ ಕುಸಿದರೆ ಆಲೋಚನೆಗೆ ಅವಕಾಶವಿಲ್ಲ. ಮದ್ದನ್ನು ಚೆಲ್ಲಿ ಇಳಿಯಬೇಕು.

ಮದ್ದಿನ ಮಾತು ಬಂದಾಗ ಬೆಳ್ತಂಗಡಿಯ ಕೇಳುಗರ ಮನಸ್ಸು ಎಲ್ಲಿಗೆ ಹೋಗುತ್ತದೆಂಬುದನ್ನು ನಾನು ಬಲ್ಲೆ. ಕೊಕ್ಕಡದ ಸುತ್ತಿನ ಗೇರು ತೋಟಗಳ ಮೇಲೆಯೂ ಕಾಸರಗೋಡಿನ ಗುಡ್ಡಗಳ ಮೇಲೆಯೂ 2000ದವರೆಗೆ ಹೆಲಿಕಾಪ್ಟರುಗಳಿಂದ ಎಂಡೋಸಲ್ಫಾನ್ ಸುರಿಯಿತು. ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಎಂಜಿನ್ನನ್ನು ತಂಪಾಗಿಡುವ ವಿದ್ಯೆ ತೊಟ್ಟಿಯಲ್ಲಿರುವುದೇನೆಂದು ಕೇಳುವುದಿಲ್ಲ. ಕೇಳಬೇಕಾಗಿದ್ದವರು ಕೇಳಲಿಲ್ಲ, ಆ ಮನೆಗಳಲ್ಲಿ ಮಕ್ಕಳನ್ನು ಎತ್ತಿಕೊಂಡೇ ಬದುಕು ಸಾಗಿಸಿದ ತಾಯಂದಿರಿದ್ದಾರೆ.

ಈಗ ಡ್ರೋನುಗಳ ಕಾಲ. ಅಡಕೆಗೆ ಅವುಗಳಿಂದ ಮದ್ದು ಬಿಡುವ ಪ್ರಯೋಗಗಳೂ ನಡೆದಿವೆ. ಬ್ಯಾಟರಿಯ ಬಲದಿಂದ ತಿರುಗುವ ಅದರ ಮೋಟಾರಿಗೆ ಎಣ್ಣೆಯ ತೊಟ್ಟಿಯಿಲ್ಲ, ಕೂಲರಿಲ್ಲ, ಬ್ಯಾಫಲ್ ಇಲ್ಲ. ಬಿಸಿ ಮಾತ್ರ ಮನೆ ಬದಲಿಸಿ ಬ್ಯಾಟರಿಯೊಳಗೆ ಸೇರಿಕೊಂಡಿದೆ. ಹತ್ತಾರು ನಿಮಿಷ ಹಾರಿ ಇಳಿದ ಬ್ಯಾಟರಿಯನ್ನು ಬಿಸಿಬಿಸಿಯಾಗಿರುವಾಗಲೇ ಚಾರ್ಜಿಗೆ ಹಾಕಿದರೆ ಅದರ ಆಯುಸ್ಸು ಕುಗ್ಗುತ್ತದೆ, ಕೆಲವೊಮ್ಮೆ ಬೆಂಕಿಯೂ ಹತ್ತಬಹುದು. ಅದನ್ನು ಬಿಸಿಲಿನ ಅಂಗಳದಲ್ಲಿಡದೆ ತೋಟದ ನೆರಳಿನಲ್ಲಿ, ಗಾಳಿಯಾಡುವೆಡೆಯಲ್ಲಿ, ಕೈಗೆ ತಣ್ಣಗೆ ತಾಗುವವರೆಗೆ ಬಿಟ್ಟು, ಆಮೇಲೆ ಚಾರ್ಜಿಗೆ ಹಾಕಬೇಕು.