ಮೊದಲ ಕೋಚನೇ ಸೋತವ! ಹೊಸ ಬಾಸ್ಕೆಟ್‌ಬಾಲ್ ಮಾಸ್ತರರ ಲೆಕ್ಕ ಕೇಳುವವರಿಗೆ

ಕಾಲೇಜಿಗೆ ಹೊಸ ಆಟದ ಮಾಸ್ತರರು ಬಂದರೆಂದರೆ ಆಯಿತು, ತಿಂಗಳು ತುಂಬುವುದರೊಳಗೆ ಚಹಾದ ಅಂಗಡಿಯಲ್ಲಿ ಪ್ರಶ್ನೆ ಶುರು: “ಏನ್ರಿ, ಈ ಸಲ ಕಪ್ ಬರ್ತೈತೋ ಇಲ್ಲೋ?” ಬಂದರೆ ಮಾಸ್ತರ ಹುಲಿ. ಬಾರದಿದ್ದರೆ “ಸುಮ್ನ ಪಗಾರ ತಿಂತಾನ” ಎಂಬ ಬಿರುದು. ಕಬಡ್ಡಿ, ಖೋ ಖೋ ಮಾಸ್ತರರಿಗಾದರೆ ಹಳ್ಳಿಯಿಂದ ಅರ್ಧ ತಯಾರಾದ ಹುಡುಗರಾದರೂ ಸಿಗುತ್ತಾರೆ. ಬಾಸ್ಕೆಟ್‌ಬಾಲ್ ಮಾಸ್ತರರ ಪಾಡು ಕೇಳಲೇಬೇಡಿ. ಚೆಂಡು ಹಿಡಿಯುವುದರಿಂದಲೇ ಪಾಠ ಆರಂಭ.

ಹೀಗೆ ಅವಸರದಿಂದ ಲೆಕ್ಕ ಕೇಳುವ ಮಹನೀಯರಿಗೆ ಒಂದು ಹಳೆಯ ಲೆಕ್ಕ ತೋರಿಸಬೇಕಾಗಿದೆ. ಬಾಸ್ಕೆಟ್‌ಬಾಲ್ ಎಂಬ ಆಟವನ್ನು ಕಂಡುಹಿಡಿದ ಮನುಷ್ಯನೇ ಮುಂದೆ ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದಲ್ಲಿ ಅದೇ ಆಟಕ್ಕೆ ಮೊದಲ ಕೋಚ್ ಆದರು. 1898ರಿಂದ 1907ರ ತನಕ ತಂಡ ನಡೆಸಿದರು. ಗೆದ್ದದ್ದು 55 ಪಂದ್ಯ, ಸೋತದ್ದು 60! ಆ ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಗೆಲುವಿಗಿಂತ ಸೋಲೇ ಹೆಚ್ಚಾಗಿರುವ ಬಾಸ್ಕೆಟ್‌ಬಾಲ್ ಕೋಚ್ ಅವರೊಬ್ಬರೇ. ಆಟ ಹುಟ್ಟಿಸಿದಾತನ ಕಥೆಯೇ ಹೀಗಾದರೆ ನಮ್ಮ ಮಾಸ್ತರರ ಮಾತೇನು?

ಅವರ ಹೆಸರು ಜೇಮ್ಸ್ ನೇಸ್ಮಿತ್. 1861ರಲ್ಲಿ ಕೆನಡಾ ದೇಶದ ಆಲ್ಮಾಂಟ್ ಎಂಬಲ್ಲಿ ಹುಟ್ಟಿದರು. ಎಳೆ ವಯಸ್ಸಿನಲ್ಲೇ ತಾಯಿ ತಂದೆ ಇಬ್ಬರೂ ವಿಷಮಶೀತ ಜ್ವರಕ್ಕೆ ತುತ್ತಾದರು. ಸೋದರಮಾವನ ಮನೆಯಲ್ಲಿ ಬೆಳೆದ ಹುಡುಗ. ನಡುವೆ ಶಾಲೆ ಬಿಟ್ಟು ಕಾಡಿನಲ್ಲಿ ಮರ ಕಡಿಯುವ ಕೆಲಸಕ್ಕೂ ಹೋಗಿದ್ದುಂಟು. ಮತ್ತೆ ಬಂದು ಓದು ಮುಂದುವರಿಸಿ ಪದವಿ ಪಡೆದರು, ಆಮೇಲೆ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ತರಬೇತಿ ಶಾಲೆಗೆ ಮಾಸ್ತರರಾದರು. ಶಾಲೆ ಬಿಟ್ಟ ಹುಡುಗರನ್ನು ಕಂಡು ‘ಇವನ ಕಥೆ ಮುಗೀತು’ ಎನ್ನುವ ನಮ್ಮ ಹಿರಿಯರು ಇದನ್ನು ಸ್ವಲ್ಪ ಗಮನಿಸಲಿ.

ಅದು 1891ರ ಡಿಸೆಂಬರ್. ಹೊರಗೆ ಹಿಮ, ಒಳಗೆ ಕಸರತ್ತು ಮಾಡಿ ಬೇಸತ್ತ 18 ತಂಟೆಕೋರ ವಿದ್ಯಾರ್ಥಿಗಳು. ಇಬ್ಬರು ಮಾಸ್ತರರು ಈ ತರಗತಿಗೆ ಕೈಮುಗಿದು ಹೋಗಿದ್ದರು. ಮೇಲಧಿಕಾರಿ ಗುಲಿಕ್ ಅವರು ನೇಸ್ಮಿತ್‌ರನ್ನು ಕರೆದು, ಒಳಾಂಗಣದಲ್ಲಿ ಆಡುವ ಹೊಸ ಆಟವೊಂದನ್ನು 14 ದಿನದಲ್ಲಿ ಮಾಡಿಕೊಡು ಎಂದರು. ಫುಟ್‌ಬಾಲ್ ಒಳಗೆ ಆಡಿಸಿ ನೋಡಿದರೆ ಮೈಕೈ ಪೆಟ್ಟು. ಕೊನೆಗೆ ನೆನಪಿಗೆ ಬಂದದ್ದು ಚಿಕ್ಕಂದಿನ ಕಲ್ಲಾಟ. ದೊಡ್ಡ ಬಂಡೆಯ ಮೇಲೊಂದು ಸಣ್ಣ ಕಲ್ಲು ಇಟ್ಟು, ದೂರ ನಿಂತು ಕಲ್ಲೆಸೆದು ಅದನ್ನು ಬೀಳಿಸಬೇಕು. ನಮ್ಮ ಓಣಿಯ ಲಗೋರಿಯ ದೂರದ ಸಂಬಂಧಿ ಅನ್ನಿ. ಅದರಲ್ಲಿ ಜೋರಾಗಿ ನೇರ ಎಸೆದವನ ಕಲ್ಲು ಗುರಿ ತಪ್ಪಿದರೆ ಎಲ್ಲೋ ಹೋಗಿ ಬೀಳುತ್ತದೆ, ತರಲು ಹೋದವ ಸಿಕ್ಕಿಬೀಳುತ್ತಾನೆ. ಕಮಾನಿನಂತೆ ಮೇಲಕ್ಕೆತ್ತಿ ಹದವಾಗಿ ಎಸೆದವನೇ ಜಾಣ. ಗುರಿಯನ್ನು ತಲೆಯ ಮೇಲೆ ಇಟ್ಟರೆ ಬಲಕ್ಕಿಂತ ಹದ ಬೇಕಾಗುತ್ತದೆ ಎಂದು ಹೊಳೆದದ್ದು ಹೀಗೆ.

ಎರಡು ಪೆಟ್ಟಿಗೆ ಕೊಡಪ್ಪಾ ಅಂದರೆ ಶಾಲೆಯ ಸಿಪಾಯಿ ಪೆಟ್ಟಿಗೆ ಇಲ್ಲವೆಂದು ಪೀಚ್ ಹಣ್ಣಿನ ಎರಡು ಬುಟ್ಟಿ ತಂದುಕೊಟ್ಟ. ಮೇಲಂತಸ್ತಿನ ಗ್ಯಾಲರಿಯ ಕಟಕಟೆಗೆ ಅವನ್ನು ಹೊಡೆದರು. ಆ ಕಟಕಟೆ ಇದ್ದ ಎತ್ತರ 10 ಅಡಿ. ಇಂದಿಗೂ ಜಗತ್ತಿನಾದ್ಯಂತ ರಿಂಗು ಇರುವುದು ಅದೇ ಎತ್ತರಕ್ಕೆ, 3.05 ಮೀಟರ್. ಅಂದರೆ ಒಂದು ಕಟ್ಟಡದ ಕಟಕಟೆ ಎಲ್ಲಿತ್ತೋ ಅದೇ ಕಾಯಂ ಆಯಿತು ನೋಡ್ರಿ! 13 ನಿಯಮ ಬರೆದು ಗೋಡೆಗೆ ಅಂಟಿಸಿದರು. ಪಕ್ಷಕ್ಕೆ ಒಂಬತ್ತು ಜನರಂತೆ ಆಡಿದ ಮೊದಲ ಪಂದ್ಯದಲ್ಲಿ ಬಿದ್ದದ್ದು ಒಂದೇ ಗೋಲು. ಬುಟ್ಟಿಗೆ ತಳವಿತ್ತಾದ್ದರಿಂದ ಚೆಂಡು ತೆಗೆಯಲು ನಿಚ್ಚಣಿಕೆ ಏರಬೇಕಾಗಿತ್ತು.

ಕನ್ಸಾಸಿನ ತಗ್ಗು ಕೋಣೆ

ವೈದ್ಯ ಪದವಿಯನ್ನೂ ಪಡೆದುಕೊಂಡ ನೇಸ್ಮಿತ್ 1898ರಲ್ಲಿ ಕನ್ಸಾಸಿಗೆ ಬಂದಾಗ ಅವರನ್ನು ಕರೆಸಿಕೊಂಡದ್ದು ಕಪ್ ಗೆಲ್ಲಲಿಕ್ಕಲ್ಲ. ವಿದ್ಯಾರ್ಥಿಗಳಿಗೆ ವ್ಯಾಯಾಮ ಹೇಳಿಕೊಡಬೇಕು, ಪ್ರಾರ್ಥನಾ ಮಂದಿರದ ಪ್ರಾರ್ಥನೆ ನಡೆಸಬೇಕು. ಆಟಕ್ಕೆಂದು ಸಿಕ್ಕಿದ ಜಾಗವೋ, ಒಂದು ಕಟ್ಟಡದ ನೆಲಮಾಳಿಗೆ, ಛತ್ತು ತಗ್ಗು. ಕಮಾನಿನಂತೆ ಎಸೆಯಬೇಕೆಂದು ಆಟ ಹುಟ್ಟಿಸಿದವರಿಗೆ ಎಸೆದರೆ ಛತ್ತಿಗೆ ಬಡಿಯುವ ಕೋಣೆ! ಎದುರಾಳಿಗಳಾಗಿ ಬೇರೆ ಕಾಲೇಜುಗಳೂ ಹೆಚ್ಚಿರಲಿಲ್ಲ. ವೈ.ಎಂ.ಸಿ.ಎ. ತಂಡಗಳ ಜೊತೆಗೇ ಆಡಬೇಕಿತ್ತು. 1899ರ ಫೆಬ್ರವರಿ 3ರಂದು ನಡೆದ ಮೊದಲ ಪಂದ್ಯದಲ್ಲಿ ಕನ್ಸಾಸ್ ಸಿಟಿಯ ವೈ.ಎಂ.ಸಿ.ಎ. ಎದುರು 16–5ರಿಂದ ಸೋಲು.

ಸ್ವತಃ ನೇಸ್ಮಿತ್‌ಗೆ ಇದರ ಚಿಂತೆ ಇದ್ದಂತೆ ಕಾಣುವುದಿಲ್ಲ. ಅವರ ಕೈಕೆಳಗೆ ಆಡಿದ್ದ ಫಾರೆಸ್ಟ್ ಅಲೆನ್ ಎಂಬ ಯುವಕ ಬೇರೆ ಕಾಲೇಜಿಗೆ ಕೋಚ್ ಆಗಲು ಹೊರಟಾಗ, ಈ ಆಟವನ್ನು ಆಡೋದು, ಕೋಚ್ ಮಾಡೋದಲ್ಲ ಎಂಬರ್ಥದಲ್ಲಿ ನಕ್ಕರಂತೆ. ಗುರುವಿನ ಮಾತು ಶಿಷ್ಯ ಕೇಳಲಿಲ್ಲ. 1907ರಲ್ಲಿ ನೇಸ್ಮಿತ್ ತಂಡ ಬಿಟ್ಟಾಗ ಅದೇ ಅಲೆನ್ ಕನ್ಸಾಸಿನ ಕೋಚ್ ಆದರು. ನಡುವೆ ಕೆಲ ವರ್ಷ ಬಿಟ್ಟರೂ ಮರಳಿ ಬಂದು 1956ರ ತನಕ ತಂಡ ನಡೆಸಿದರು. ಕನ್ಸಾಸ್ ಎಂದರೆ ಬಾಸ್ಕೆಟ್‌ಬಾಲ್ ಎನ್ನುವ ಮಟ್ಟಕ್ಕೆ ಒಯ್ದದ್ದು ಅವರೇ. ಸರಿಯಾದ ವ್ಯಾಯಾಮ ಮಂದಿರ ಎದ್ದದ್ದು ಯಾವಾಗ ಅಂತೀರಿ? 1907ರಲ್ಲೇ, ಮೊದಲ ಕೋಚ್ ತಂಡ ಬಿಟ್ಟ ವರ್ಷ! ತಗ್ಗು ಕೋಣೆಯ ಸೋಲು ಗುರುವಿನ ಲೆಕ್ಕಕ್ಕೆ, ಎತ್ತರದ ಛತ್ತಿನ ಗೆಲುವು ಶಿಷ್ಯನ ಲೆಕ್ಕಕ್ಕೆ. ಇದು ನ್ಯಾಯವೇ?

ಇನ್ನೊಬ್ಬ ಶಿಷ್ಯನ ಸಂಗತಿ ಇದಕ್ಕಿಂತ ದೊಡ್ಡದು. 1933ರಲ್ಲಿ ಜಾನ್ ಮೆಕ್‌ಲೆಂಡನ್ ಎಂಬ ಕಪ್ಪು ವರ್ಣದ ಹುಡುಗ ಕನ್ಸಾಸಿಗೆ ಓದಲು ಬಂದ. ಕಪ್ಪು ಮಕ್ಕಳಿಗೆ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗವಿಲ್ಲ, ಅಂಥ ಕಾಲ. ಆಗ ನೇಸ್ಮಿತ್ ತಂಡದ ಕೋಚ್ ಆಗಿರಲಿಲ್ಲ, ವಯಸ್ಸಾದ ಪ್ರಾಧ್ಯಾಪಕರು. ಹುಡುಗನನ್ನು ಹತ್ತಿರ ಕೂರಿಸಿಕೊಂಡು ವಿದ್ಯೆ ಕೊಟ್ಟರು. ಅಲ್ಲಿ ಒಂದೂ ಪಂದ್ಯ ಆಡಗೊಡದ ಆ ಹುಡುಗ 1940ರಲ್ಲಿ ಡರ್ಹ್ಯಾಮ್ ಊರಿನ ಕಪ್ಪು ಜನರ ಕಾಲೇಜೊಂದಕ್ಕೆ ಮುಖ್ಯ ಕೋಚ್ ಆದ. 1944ರ ಮಾರ್ಚಿನ ಒಂದು ರವಿವಾರ ಬೆಳಿಗ್ಗೆ, ಊರೆಲ್ಲ ಚರ್ಚಿನಲ್ಲಿದ್ದಾಗ, ಬಾಗಿಲು ಹಾಕಿಕೊಂಡು ಡ್ಯೂಕ್ ವೈದ್ಯಕೀಯ ಕಾಲೇಜಿನ ಬಿಳಿಯರ ತಂಡದೊಡನೆ ಗುಟ್ಟಾಗಿ ಆಡಿಸಿದರು. ಒಟ್ಟಿಗೆ ಆಡಿದ್ದು ಹೊರಗೆ ಗೊತ್ತಾದರೆ ಗಂಡಾಂತರ. ಮೆಕ್‌ಲೆಂಡನ್ ಹುಡುಗರು 88–44ರಿಂದ ಗೆದ್ದರು. ಮುಂದೆ 1957, 58, 59 ಹೀಗೆ ಸತತ ಮೂರು ವರ್ಷ ಟೆನೆಸ್ಸಿಯ ಕಾಲೇಜು ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು. 55–60ರ ಪಟ್ಟಿಯಲ್ಲಿ ಈ ಗೆಲುವನ್ನು ಯಾವ ಕಾಲಮ್ಮಿಗೆ ಬರೆಯೋಣ?

ತಿಕೋಟಾ ಬಸ್ಸು, ಬಬಲೇಶ್ವರ ಬಸ್ಸು

ಇನ್ನು ನಮ್ಮೂರಿಗೆ ಬರೋಣ. ನಗರದ ಯಾವುದೋ ಒಂದು ಕಾಲೇಜಿಗೆ ನಾಳೆ ಹೊಸ ಬಾಸ್ಕೆಟ್‌ಬಾಲ್ ಮಾಸ್ತರರು ಬಂದರು ಅಂತಲೇ ಇಟ್ಟುಕೊಳ್ಳಿ. ಅವರ ಮೊದಲ ವಾರ ಹೇಗಿರುತ್ತದೆ?

ಅವರಿಗೆ ಬೇಕಾದದ್ದು 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ. ಎರಡು ಕಂಬ, ಎರಡು ರಿಂಗು. ಅಂಗಳದಲ್ಲಿ ಐದೈದು ಜನ, ತಂಡಕ್ಕೆ 12 ಜನ. ಅಂದರೆ ತಂಡದೊಳಗೇ ಎರಡು ಪಕ್ಷ ಮಾಡಿ ಆಡಿಸಬೇಕಾದರೂ ದಿನಾಲೂ ಹತ್ತು ಜನ ಒಂದೇ ಹೊತ್ತಿಗೆ ಬರಲೇಬೇಕು. ಇಲ್ಲೇ ಇರುವುದು ಪೇಚು. ವಿಜಯಪುರ ಸೈಕ್ಲಿಂಗ್‌ಗೆ ರಾಜ್ಯದಲ್ಲೇ ಹೆಸರಾದ ಊರು. ಸೈಕಲ್ ಹುಡುಗ ಬೆಳಗಿನ ಜಾವ ಒಬ್ಬನೇ ರಸ್ತೆಗಿಳಿದರೂ ತಾಲೀಮು ಆಗುತ್ತದೆ. ಬಾಸ್ಕೆಟ್‌ಬಾಲಿನಲ್ಲಿ ಒಬ್ಬನೇ ನಿಂತರೆ ರಿಂಗಿಗೆ ಚೆಂಡು ಹಾಕುವುದಷ್ಟೇ, ಆಟ ಬರುವುದಿಲ್ಲ.

ಹತ್ತು ಜನ ಎಲ್ಲಿಂದ ಬರಬೇಕು? ಸೈನಿಕ ಶಾಲೆಯಂಥ ವಸತಿ ಶಾಲೆಯ ಮಾತು ಬೇರೆ, ಮಕ್ಕಳು ಅಲ್ಲೇ ಉಂಡು ಅಲ್ಲೇ ಮಲಗುವವರು. ಪದವಿ ಕಾಲೇಜಿನ ಕಥೆ ಹಾಗಲ್ಲ. ಅತ್ತ ತಿಕೋಟಾ, ಇತ್ತ ಬಬಲೇಶ್ವರ, ಎರಡೂ 20–25 ಕಿಲೋಮೀಟರ್ ಆಸುಪಾಸು. 2018ರಲ್ಲಿ ಎರಡೂ ತಾಲೂಕು ಕೇಂದ್ರಗಳೇನೋ ಆದವು. ಆದರೂ ಪಾಸು ಹಿಡಿದು ದಿನಾ ಶಹರಕ್ಕೆ ಬಂದು ಹೋಗುವ ಹುಡುಗ ಹುಡುಗಿಯರಿದ್ದಾರೆ. ಸಂಜೆ ಪಾಠ ಮುಗಿದ ಮೇಲೆ ಅವರ ಕಣ್ಣು ಬಸ್ ಸ್ಟ್ಯಾಂಡಿನ ಕಡೆ. ಹೊಲದ ಕೆಲಸ, ದ್ರಾಕ್ಷಿ ಹಂಗಾಮಿದ್ದರೆ ತೋಟದ ಕೆಲಸ ಕಾದಿರುತ್ತದೆ. ಮಾಸ್ತರರು ಎಷ್ಟೇ ದೊಡ್ಡ ಆಟಗಾರರಾಗಿರಲಿ, ಸೀಟಿ ಊದುವ ಮೊದಲು ಬಸ್ಸಿನ ವೇಳಾಪಟ್ಟಿ ಬಾಯಿಪಾಠ ಮಾಡಬೇಕು.

ಹುಡುಗಿಯರ ತಂಡ ಕಟ್ಟುವುದಾದರೆ ಇನ್ನೊಂದು ಸುತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೀಟಿನ ಖರ್ಚಿನ ಮಾತು ಹೋಯಿತು, ನಿಜ. ತಿಕೋಟಾ ದಾರಿಯ ಮೇಲೇ ತೊರವಿ ಹತ್ತಿರ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ, 2003ರಿಂದ. ಆದರೆ ಟಿಕೀಟು ಬಿಟ್ಟಿಯಾದರೂ ಹೊತ್ತು ಬಿಟ್ಟಿಯಲ್ಲವಲ್ಲ! “ಸರ, ಕತ್ತಲಾದಮ್ಯಾಲೆ ಹುಡುಗಿ ಊರಿಗೆ ಹ್ಯಾಂಗ ಬರಬೇಕ್ರಿ?” ಎಂದು ತಂದೆ ಕೇಳಿದರೆ ಅದಕ್ಕೆ ಬಾಸ್ಕೆಟ್‌ಬಾಲ್ ನಿಯಮ ಪುಸ್ತಕದಲ್ಲಿ ಉತ್ತರವಿಲ್ಲ.

ಈ ತಂದೆಯ ಆತಂಕ ನಮ್ಮ ಭಾಗದ್ದಷ್ಟೇ ಅಂತ ಯಾರೂ ತಿಳಿಯಬೇಡಿ. ಸ್ಪ್ರಿಂಗ್‌ಫೀಲ್ಡಿಗೆ ಸಮೀಪದ ಸ್ಮಿತ್ ಮಹಿಳಾ ಕಾಲೇಜಿಗೆ 1892ರಲ್ಲಿ ಸೆಂಡಾ ಬೆರೆನ್ಸನ್ ಎಂಬ ಹೊಸ ಮೇಡಂ ವ್ಯಾಯಾಮ ಕಲಿಸಲು ಬಂದರು. ಹೆಣ್ಣುಮಕ್ಕಳು ಓಡುವುದು ಹಾರುವುದು ಶೋಭೆಯಲ್ಲ ಎನ್ನುವ ಕಾಲ ಅಲ್ಲೂ ಇತ್ತು. ಮೇಡಂ ಜಗಳ ಕಾಯಲಿಲ್ಲ. ಅಂಗಳವನ್ನು ಮೂರು ಭಾಗ ಮಾಡಿದರು, ತಮ್ಮ ಭಾಗ ಬಿಟ್ಟು ಯಾರೂ ಓಡಬಾರದು, ಕೈಯಿಂದ ಚೆಂಡು ಕಸಿಯಬಾರದು ಎಂದು ನಿಯಮ ಬದಲಿಸಿದರು. 1893ರ ಮಾರ್ಚ್ 22ರಂದು ಎರಡು ವರ್ಗದ ಹುಡುಗಿಯರ ನಡುವೆ ಪಂದ್ಯವಿಟ್ಟರು, ಗಂಡಸರಿಗೆ ಪ್ರವೇಶ ಬಂದ್! ಇಂದು ನೋಡಿದರೆ ಆ ನಿಯಮಗಳು ನಗು ತರಿಸುತ್ತವೆ. ಹುಡುಗಿಯರು ಅಂಗಳಕ್ಕೆ ಇಳಿದದ್ದು ಮಾತ್ರ ಅವುಗಳಿಂದಲೇ.

ನಮ್ಮ ಮಾಸ್ತರರೂ ಹಾಗೇ ಊರಿಗೆ ತಕ್ಕ ನಿಯಮ ಮಾಡಿಕೊಳ್ಳಬೇಕಾದೀತು. ಊರಿನ ಹುಡುಗಿಯರಿಗೆ ಸಂಜೆ ಬದಲು ಪಾಠಕ್ಕೆ ಮೊದಲು ಒಂದು ತಾಸು. ಬೇಸಿಗೆಯಲ್ಲಂತೂ ಬೆಳಗಿನ ಹೊತ್ತೇ ಗತಿ, ಬಿಜಾಪುರದ ಬಿಸಿಲು ಗೊತ್ತಲ್ಲ. ಸೆಮಿಸ್ಟರ್ ಪರೀಕ್ಷೆ ಎದುರಾದಾಗ ಒಂದು ತಿಂಗಳು ಅಂಗಳ ಖಾಲಿ, ಅದನ್ನೂ ಲೆಕ್ಕದಲ್ಲಿ ಹಿಡಿಯಬೇಕು. ಅಂತರ ಕಾಲೇಜು ಪಂದ್ಯ, ಅಲ್ಲಿಂದ ವಿಶ್ವವಿದ್ಯಾಲಯದ ತಂಡ, ಅಲ್ಲಿಂದ ದಕ್ಷಿಣ ವಲಯ ಎನ್ನುವ ಏಣಿ ಇರುವುದು ನಿಜ. ಮೊದಲ ವರ್ಷವೇ ಆ ಏಣಿ ಏರಿಸಿ ಎನ್ನುವವರು ತಾವೇ ಒಂದು ದಿನ ಸಂಜೆ ಬಂದು ಹುಡುಗರ ಎಣಿಕೆ ಹಾಕಲಿ.

ನೆಲದ ಮಾತೂ ಇದೆ. ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಬಿರುಕು, ಮಳೆ ಬಿದ್ದರೆ ಕಾಲಿಗೆ ಮೆತ್ತುವ ರಾಡಿ. ಚೆಂಡು ಪುಟಿಯುವ ಆಟಕ್ಕೆ ಇದು ವೈರಿ. ಕಾಂಕ್ರೀಟ್ ಹಾಕಿದರೂ ಅಡಿಯ ಎರೆ ತೆಗೆದು ಗರ್ಸು ತುಂಬದಿದ್ದರೆ ನೆಲ ಒಡೆಯುತ್ತದೆಂದು ಮನೆ ಕಟ್ಟಿಸಿದ ನಿಮಗೆ ಹೇಳಬೇಕಿಲ್ಲ. ರಾಡಿಯಲ್ಲಿ ಆಡಿದ ದೊಡ್ಡವರೂ ಇದ್ದಾರೆ ಅನ್ನುವುದೊಂದೇ ಸಮಾಧಾನ. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಬಾಸ್ಕೆಟ್‌ಬಾಲ್ ಮೊದಲ ಬಾರಿ ಸೇರಿದಾಗ ಬಯಲು ಮಣ್ಣಿನ ಅಂಗಳದಲ್ಲೇ ಆಡಿಸಿದರು. ಫೈನಲ್ ದಿನ ಮಳೆ. ಚೆಂಡು ಪುಟಿಯಲೇ ಇಲ್ಲ. ಅಮೆರಿಕ ಕೆನಡಾವನ್ನು ಸೋಲಿಸಿದ್ದು ಬರೀ 19–8ರಿಂದ! ಮುದುಕರಾಗಿದ್ದ ನೇಸ್ಮಿತ್ ಆ ಒಲಿಂಪಿಕ್ಸ್‌ಗೆ ಹೋಗಿದ್ದರು. ನಮ್ಮ ಭಾರತ ತಂಡ ಒಲಿಂಪಿಕ್ಸ್ ಬಾಸ್ಕೆಟ್‌ಬಾಲ್ ಆಡಿದ್ದು 1980ರ ಮಾಸ್ಕೋದಲ್ಲಿ ಮಾತ್ರ, ಆಡಿದ ಏಳೂ ಪಂದ್ಯ ಸೋತಿತು.

ಅಂದ ಹಾಗೆ, ಸ್ಪ್ರಿಂಗ್‌ಫೀಲ್ಡಿಗೂ ನಮ್ಮ ಪಿ.ಟಿ. ಮಾಸ್ತರರಿಗೂ ನಂಟು ಇಲ್ಲದಿಲ್ಲ. ಅಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬವರೇ 1920ರಲ್ಲಿ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ತೆರೆದರು. ಆಟ ಹೇಳಿಕೊಡುವುದೂ ಒಂದು ವಿದ್ಯೆ, ಅದಕ್ಕೂ ಶಾಲೆ ಬೇಕು ಎಂಬುದು ಈ ದೇಶದಲ್ಲಿ ಬೇರೂರಿದ್ದು ಅಲ್ಲಿಂದ.

ಈಗ ಕಾಲೇಜಿನ ಆಡಳಿತ ಮಂಡಳಿಯವರಿಗೆ ಮತ್ತು ನಮ್ಮ ವರ್ತಕ ಬಂಧುಗಳಿಗೆ ಒಂದು ಅರಿಕೆ. ಕಪ್ ಗೆದ್ದ ದಿನ ಶಾಲು ಹಾರ ತರುವವರು ಬೇಕಾದಷ್ಟಿದ್ದಾರೆ. ಹೊಸ ಮಾಸ್ತರರಿಗೆ ಮೊದಲ ತಿಂಗಳೇ ಬೇಕಾದದ್ದು ಆರು ಚೆಂಡು, ಅದರಲ್ಲಿ ಹುಡುಗಿಯರಿಗೆ ಸಣ್ಣ ಅಳತೆಯವು. ತೂಗಾಡದ ಎರಡು ರಿಂಗು. ಬೆಳಿಗ್ಗೆ ಮೊದಲ ಬಸ್ಸಿಗೆ ಉಪವಾಸ ಬಂದ ಮಕ್ಕಳಿಗೆ ಒಂದೊಂದು ಪ್ಲೇಟ್ ಉಪ್ಪಿಟ್ಟು. ಮೂರು ವರ್ಷ ಕಪ್ಪಿನ ಮಾತೆತ್ತುವುದಿಲ್ಲ ಎಂಬ ಒಂದು ಮಾತು. ಸಾರಿಗೆ ಡಿಪೋಕ್ಕೆ ಸಂಜೆ ಬಸ್ಸಿನ ಅರ್ಜಿ ಕೊಡಲು ಹೋಗುವವರು ಬರಿಗೈಲಿ ಹೋಗಬೇಡಿ. ತಿಕೋಟಾ ಕಡೆಯವರು ಎಷ್ಟು, ಬಬಲೇಶ್ವರ ಕಡೆಯವರು ಎಷ್ಟು, ತಾಲೀಮು ಮುಗಿಯುವುದು ಎಷ್ಟು ಗಂಟೆಗೆ ಎಂದು ಬರೆದು, ಪ್ರಾಚಾರ್ಯರ ಸಹಿ ಹಾಕಿಸಿ, ಪಾಸಿನ ನಂಬರು ಜೋಡಿಸಿ ಒಯ್ಯಿರಿ.